ಮದುವೆ ಊಟದಲ್ಲಿ ಹೋಳಿಗೆ ಬಿಡಲಾರೆ, ಹೊಟ್ಟೆ ಭಾರವೂ ಬೇಡ. ನೀವು ಹೇಗೆ ಉಣ್ಣುತ್ತೀರಿ?

ತುಮಕೂರಿನವ

ಎಲ್ಲರಿಗೂ ನಮಸ್ಕಾರ. ಇದನ್ನು ಮನಸ್ಸಿಟ್ಟು ಕೇಳುತ್ತಿದ್ದೇನೆ.

ಹೋದ ತಿಂಗಳು ಶಿವಮೊಗ್ಗದಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ ಇತ್ತು. ಎರಡನೇ ಪಂಕ್ತಿಯಲ್ಲಿ ಕೂತೆ. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ತೊವ್ವೆ, ಸಾರು, ಹುಳಿ ಎಲ್ಲ ಆದ ಮೇಲೆ ಹೋಳಿಗೆ ಬಂತು. ಒಬ್ಬರು ಹೋಳಿಗೆ ಹಾಕಿದರು, ಹಿಂದೆಯೇ ಇನ್ನೊಬ್ಬರು ಮಿಳ್ಳೆಯಲ್ಲಿ ತುಪ್ಪ ಬಿಟ್ಟುಕೊಂಡು ಬಂದರು. ಮೊದಲನೆಯದು ಹೇಗಿತ್ತು ಅಂತ ಈಗಲೂ ನೆನಪಿದೆ. ಅಂಚು ಸ್ವಲ್ಪ ಗರಿಗರಿ, ಒಳಗೆ ಹೂರಣ ಮೆತ್ತಗೆ, ಏಲಕ್ಕಿ ವಾಸನೆ. ಎರಡನೆಯದೂ ನೆನಪಿದೆ. ಮೂರು, ನಾಲ್ಕು ಹೇಗೆ ಹೋದವು ಅಂತ ಗೊತ್ತಿಲ್ಲ. ಪಕ್ಕದಲ್ಲಿದ್ದ ಭಾವನ ಜೊತೆ ಸೈಟಿನ ವಿಷಯ ಮಾತಾಡುತ್ತಿದ್ದೆ. ಆಮೇಲೆ ಮೊಸರನ್ನವನ್ನೂ ಉಂಡೆ.

ವಾಪಸು ಬರುವಾಗ ಕಡೂರು ದಾಟುವ ಹೊತ್ತಿಗೆ ಆಗಲೇ ಇಲ್ಲ. ಹೆಂಡತಿಗೆ ಕಾರು ಕೊಟ್ಟು ಹಿಂದಿನ ಸೀಟಿನಲ್ಲಿ ಒರಗಿದೆ. ರಾತ್ರಿಯೆಲ್ಲ ಎದೆ ಉರಿ, ನಿದ್ದೆ ಇಲ್ಲ.

ನನಗೆ 43 ವರ್ಷ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಮುಂದಿನ ತಿಂಗಳು ಅಕ್ಕನ ಮಗಳ ಮದುವೆ, ಮೂರು ದಿನ ಊಟ. "ಸಿಹಿ ಬಿಟ್ಟುಬಿಡಿ" ಅನ್ನುವ ಸಲಹೆ ದಯವಿಟ್ಟು ಬೇಡ. ಹೋಳಿಗೆ ನನಗೆ ನಿಜವಾಗಿ ಇಷ್ಟ. ಅದನ್ನು ಆಸೆಪಟ್ಟು ತಿಂದು, ಹಗುರವಾಗಿ ಏಳುವವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಮಾಡುತ್ತೀರಿ?

ಮೈಸೂರು ಅಗ್ರಹಾರ

ನೀವು ಬರೆದದ್ದರಲ್ಲೇ ಉತ್ತರ ಇದೆ ಸರ್. ಹೋಳಿಗೆ ಬರುವ ಹೊತ್ತಿಗೆ ನಿಮ್ಮ ಹೊಟ್ಟೆ ತುಂಬಿಹೋಗಿತ್ತು.

ನಮ್ಮ ಎಲೆ ಊಟದಲ್ಲಿ ಅನ್ನ ಎಷ್ಟು ಸಲ ಬರುತ್ತೆ ಎಣಿಸಿ ನೋಡಿ. ತೊವ್ವೆಗೆ ಒಂದು, ಸಾರಿಗೆ ಒಂದು, ಹುಳಿಗೆ ಒಂದು, ಮಜ್ಜಿಗೆ ಹುಳಿ ಇದ್ದರೆ ಅದಕ್ಕೊಂದು, ಕೊನೆಗೆ ಮೊಸರಿಗೆ. ಇದರ ಜೊತೆಗೆ ಚಿತ್ರಾನ್ನ ಬೇರೆ. ಮನೆಯಲ್ಲಿ ಇಷ್ಟು ಸಲ ಅನ್ನ ಹಾಕಿಸಿಕೊಳ್ಳುತ್ತೀವಾ? ಎಲ್ಲರೂ ಹೋಳಿಗೆಯನ್ನೇ ಬೈಯುತ್ತಾರೆ. ಹೊಟ್ಟೆ ಬಿರಿಯುವಂತೆ ಮಾಡುವುದು ಅನ್ನ.

ನಾನು ಮೊದಲು ಬಡಿಸಿದ ಅನ್ನವನ್ನೇ ಎಲೆಯಲ್ಲಿ ಮೂರು ಪಾಲು ಮಾಡಿಕೊಳ್ಳುತ್ತೇನೆ. ತೊವ್ವೆ ತುಪ್ಪಕ್ಕೆ ನಾಲ್ಕು ತುತ್ತು, ಸಾರಿಗೆ ನಾಲ್ಕು, ಹುಳಿಗೆ ನಾಲ್ಕು. ಮತ್ತೆ ಅನ್ನ ತಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಕೋಸಂಬರಿ, ಪಲ್ಯ ಮಾತ್ರ ಕೇಳಿ ಹಾಕಿಸಿಕೊಳ್ಳುತ್ತೇನೆ. ಹೋಳಿಗೆ ಬರುವಾಗ ಹಸಿವು ಇನ್ನೂ ಸ್ವಲ್ಪ ಇರಬೇಕು. ಹಸಿವಿದ್ದಾಗ ತಿಂದ ಒಂದು ಹೋಳಿಗೆ ಕೊಡುವ ಸಂತೋಷವನ್ನು ಹೊಟ್ಟೆ ತುಂಬಿದ ಮೇಲಿನ ಮೂರು ಕೊಡುವುದಿಲ್ಲ.

ಮನೆಯಲ್ಲಾದರೆ ಹಬ್ಬದ ದಿನ ಹೋಳಿಗೆಯನ್ನು ಮೊದಲೇ ಬಡಿಸುತ್ತೇನೆ. ಇದು ಹೊಸ ಪದ್ಧತಿ ಏನಲ್ಲ. ಸಿಹಿಯನ್ನು ಮೊದಲು ತಿನ್ನಬೇಕು ಅಂತ ಆಯುರ್ವೇದದಲ್ಲೇ ಇದೆ. ನಮ್ಮಲ್ಲಿ ಎಲೆಗೆ ಮೊದಲು ಒಂದು ಚಮಚ ಪಾಯಸ ಬಡಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ.

ಹಾಸನ ಹುಡುಗ 92

ನಾನು ಮದುವೆ ದಿನ ಬೆಳಗ್ಗೆ ತಿಂಡಿ ಬಿಡುತ್ತೇನೆ. ಮಧ್ಯಾಹ್ನ ಆರಾಮಾಗಿ ಎಲ್ಲ ತಿನ್ನಬಹುದು. ಒಟ್ಟು ಲೆಕ್ಕ ಸರಿಹೋಗುತ್ತೆ ಅಲ್ವಾ?

ಮೈಸೂರು ಅಗ್ರಹಾರ

ಮುಹೂರ್ತ ತಡವಾಗಿ ಊಟ ಎರಡು ಗಂಟೆಗೆ ಆದರೆ ಏನು ಮಾಡುತ್ತೀಯಪ್ಪ? ಎಲೆ ಮುಂದೆ ಕೂತ ಕೂಡಲೇ ಚಿತ್ರಾನ್ನ ಖಾಲಿ ಮಾಡುತ್ತೀಯ. ಆ ಹಸಿವಿಗೆ ರುಚಿ ತಿಳಿಯುವುದಿಲ್ಲ. ಎರಡು ಇಡ್ಲಿ ತಿಂದು ಹೋಗು.

ಹುಬ್ಬಳ್ಳಿ ಪಥ್ಯದವರು

ನಾನು ಆಹಾರ ತಜ್ಞೆ. ಮೈಸೂರು ಅಕ್ಕ ಅನುಭವದಿಂದ ಹೇಳಿದ್ದನ್ನೇ ನಾನು ಸ್ವಲ್ಪ ಬೇರೆ ರೀತಿಯಲ್ಲಿ ಹೇಳುತ್ತೇನೆ.

ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ತಕ್ಷಣ ಮುಟ್ಟುವುದಿಲ್ಲ. ಹೊಟ್ಟೆ ಹಿಗ್ಗಿದ್ದು ಬೇಗ ಗೊತ್ತಾಗುತ್ತೆ. ಆದರೆ ಕೊಬ್ಬು, ಪ್ರೋಟೀನು ಸಣ್ಣ ಕರುಳಿಗೆ ಇಳಿದ ಮೇಲೆ ಅಲ್ಲಿಂದ ಹಾರ್ಮೋನುಗಳು ಹೊರಟು "ಸಾಕು" ಅನ್ನಿಸಲು ಸುಮಾರು 15–20 ನಿಮಿಷ ಬೇಕು. ಅದರಲ್ಲಿ ಮುಖ್ಯವಾದದ್ದು ಕೊಲೆಸಿಸ್ಟೊಕೈನಿನ್. ಅದು ಹೊಟ್ಟೆ ಖಾಲಿಯಾಗುವುದನ್ನೂ ನಿಧಾನ ಮಾಡುತ್ತದೆ. ತುಪ್ಪದ ಊಟ ಗಂಟೆಗಟ್ಟಲೆ ಭಾರ ಅನ್ನಿಸುವುದು ಇದರಿಂದಲೇ.

ಈಗ ಮದುವೆ ಪಂಕ್ತಿ ನೆನೆಸಿಕೊಳ್ಳಿ. ನಿಮ್ಮ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಆಗಲೇ ನಿಂತಿರುತ್ತಾರೆ. ಕೋಸಂಬರಿಯಿಂದ ಮೊಸರನ್ನದವರೆಗೆ ಇಡೀ ಊಟ ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಸುದ್ದಿ ಮುಟ್ಟುವಾಗ ನೀವು ಕೈ ತೊಳೆಯುತ್ತಿರುತ್ತೀರಿ. ಹಾಗಾಗಿ ಅವಸರ ಇಲ್ಲದಿದ್ದರೆ ಕೊನೆಯ ಪಂಕ್ತಿಗೆ ಕೂರಿ ಅಂತ ನನ್ನ ಸಲಹೆ.

ಇನ್ನೊಂದು ವಿಷಯ, ತುಮಕೂರಿನ ಸರ್ ಕೇಳಿದ್ದಕ್ಕೆ ನೇರವಾಗಿ ಸಂಬಂಧಪಟ್ಟದ್ದು. 1981ರಲ್ಲಿ ಬಾರ್ಬರಾ ರೋಲ್ಸ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ಜನ ಒಂದಿಷ್ಟು ತಿಂದು ನಿಲ್ಲಿಸಿದರು. ನಾಲ್ಕು ಬಗೆ ಕೊಟ್ಟಾಗ ಸುಮಾರು ಮೂರನೇ ಒಂದು ಪಾಲು ಜಾಸ್ತಿ ತಿಂದರು. ಒಂದು ರುಚಿ ಸಾಕಾದರೂ ಹೊಸ ರುಚಿ ಬಂದರೆ ನಾಲಿಗೆ ಮತ್ತೆ ಎದ್ದು ಕೂರುತ್ತದೆ. ನಮ್ಮ ಎಲೆಯಲ್ಲಿ ನಾಲ್ಕಲ್ಲ, ಇಪ್ಪತ್ತು ಬಗೆ ಇರುತ್ತದೆ. ಜಾಸ್ತಿ ತಿಂದಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಎಲ್ಲರಿಗೂ ಹೀಗೇ ಆಗುತ್ತದೆ.

ಧಾರವಾಡದ ಮೊಮ್ಮಗಳು

ನಮ್ಮ ಅಜ್ಜಿ ಹೋಳಿಗೆಗೆ ಬಿಸಿ ಹಾಲು, ತುಪ್ಪ ಹಾಕಿ ಕೈಯಿಂದ ಕಲಸಿ ಕೊಡುತ್ತಿದ್ದರು. ತುತ್ತು ಕೊಡುವಾಗ ನಮ್ಮ ಮುಖ ನೋಡುತ್ತಿದ್ದರು. ಮೊದಲ ತುತ್ತಿಗೆ ಕಣ್ಣು ಹೇಗೆ ಅರಳಿತ್ತೋ, ಆ ಕಣ್ಣು ಕಾಣದಿದ್ದರೆ ತಾಟು ತೆಗೆದುಬಿಡುತ್ತಿದ್ದರು. "ರುಚಿ ಇಳೀತು, ಸಾಕು ನಿನಗ" ಅನ್ನುತ್ತಿದ್ದರು. ನಾವು ಅತ್ತರೂ ಕೊಡುತ್ತಿರಲಿಲ್ಲ. ಸಂಜೆ ಕೇಳಿದರೆ ಕೊಡುತ್ತಿದ್ದರು. ಆದ್ದರಿಂದ ನಮಗೆ ಸಿಹಿ ಮುಗಿದುಹೋಗುತ್ತದೆ ಅನ್ನುವ ಭಯ ಇರಲಿಲ್ಲ.

ಈಗ ನಾನು ಇದನ್ನೇ ಮಾಡುತ್ತೇನೆ. ಎಷ್ಟು ತಿಂದೆ ಅಂತ ಎಣಿಸುವುದಿಲ್ಲ. ಈ ತುತ್ತು ಮೊದಲ ತುತ್ತಿನಷ್ಟೇ ರುಚಿಯಾಗಿದೆಯಾ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಒಂದೂವರೆ ಹೋಳಿಗೆ ದಾಟಿದ ಮೇಲೆ ಉತ್ತರ ಯಾವಾಗಲೂ "ಇಲ್ಲ" ಅಂತಲೇ ಬರುತ್ತದೆ.

ಹುಬ್ಬಳ್ಳಿ ಪಥ್ಯದವರು

ಧಾರವಾಡದ ತಂಗಿ, ನಿಮ್ಮ ಅಜ್ಜಿ ನೋಡುತ್ತಿದ್ದದ್ದನ್ನೇ ಮಿಶೆಲ್ ಕಬನಾಕ್ ಎಂಬ ಫ್ರೆಂಚ್ ಶರೀರಶಾಸ್ತ್ರಜ್ಞ 1971ರಲ್ಲಿ ಬರೆದಿದ್ದಾನೆ. ಮೊದಲಿಗೆ ಹಿತವಾಗಿದ್ದ ಸಕ್ಕರೆ ನೀರು, ಹೊಟ್ಟೆಗೆ ಸಕ್ಕರೆ ಸೇರಿದ ಮೇಲೆ ಅದೇ ನಾಲಿಗೆಗೆ ಬೇಡವಾಗುತ್ತದೆ. ನೀರು ಅದೇ, ಸಿಹಿಯೂ ಅಷ್ಟೇ. ಹಿತ ಮಾತ್ರ ಕಡಿಮೆಯಾಗಿರುತ್ತದೆ. ಅಂದರೆ ದೇಹ ರುಚಿಯ ಮೂಲಕವೇ ನಮಗೆ ಹೇಳುತ್ತಿರುತ್ತದೆ. ಕೇಳಿಸಿಕೊಳ್ಳಬೇಕು ಅಷ್ಟೆ. ಕ್ಯಾಲೊರಿ ಪಟ್ಟಿಗಿಂತ ನಿಮ್ಮ ಅಜ್ಜಿಯ ವಿಧಾನ ಹಬ್ಬದ ದಿನಕ್ಕೆ ಒಳ್ಳೆಯದು. ಇದನ್ನು ಖಂಡಿತ ಬರೆದಿಟ್ಟುಕೊಳ್ಳುತ್ತೇನೆ.

ಮಂಡ್ಯ ಗದ್ದೆಬಯಲು

ಹೋಳಿಗೆ ಮಾತು ಆಯಿತು. ನಮ್ಮ ಕಡೆಯ ಬೀಗರ ಊಟದ ವಿಷಯ ಹೇಳುತ್ತೇನೆ.

ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮ ಉಂಡೆ, ಚಿಕನ್ ಫ್ರೈ, ಬಿರಿಯಾನಿ, ಮೊಟ್ಟೆ, ಅನ್ನ ರಸಂ. ಎಲ್ಲ ಒಟ್ಟಿಗೆ ಎಲೆಗೆ ಬೀಳುತ್ತದೆ. ಇಲ್ಲಿ ತೊಂದರೆ ಏನೆಂದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ಒಂದು ದೊಡ್ಡ ಮುದ್ದೆ ಐದು ನಿಮಿಷದಲ್ಲಿ ಹೊಟ್ಟೆಗೆ ಹೋಗಿರುತ್ತದೆ. ಆಮೇಲೆ ಬಿರಿಯಾನಿ ಬೇರೆ.

ಎರಡು ವರ್ಷದ ಹಿಂದೆ ನನಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯಿತು. ಜಿಡ್ಡಿನ ಊಟ ಜಾಸ್ತಿಯಾದ ರಾತ್ರಿ ಬಲಗಡೆ ಪಕ್ಕೆಯಲ್ಲಿ ಹಿಡಿದುಕೊಂಡ ನೋವು ಈಗಲೂ ನೆನಪಿದೆ. ಆಪರೇಷನ್ ಆಯಿತು, ಈಗ ಚೆನ್ನಾಗಿದ್ದೇನೆ. ಆದರೆ ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಎಲೆ ಮುಂದೆ ಕೂತಾಗ ಕೇಳಿಕೊಳ್ಳುತ್ತೇನೆ: ಇದರಲ್ಲಿ ನನಗೆ ಬೇರೆ ಎಲ್ಲೂ ಸಿಗದೇ ಇರುವುದು ಯಾವುದು? ಬಿರಿಯಾನಿ ಊರಿಗೆ ನಾಲ್ಕು ಹೋಟೆಲಿನಲ್ಲಿ ಸಿಗುತ್ತೆ. ಸೌದೆ ಒಲೆ ಮೇಲೆ ಬೇಯಿಸಿದ ಬೋಟಿ ಗೊಜ್ಜು ಸಿಗುವುದಿಲ್ಲ. ಅರ್ಧ ಮುದ್ದೆ, ಬೋಟಿ, ಸಾರಿನಲ್ಲಿ ನಾಲ್ಕು ಪೀಸು. ಮೂಳೆಯ ಮಜ್ಜೆಯನ್ನು ನಿಧಾನವಾಗಿ ಹೀರುತ್ತೇನೆ. ಬಿರಿಯಾನಿಗೆ ಕೈ ಅಡ್ಡ.

ಮೊದಲು ಸೋದರಮಾವ ಬೇಜಾರು ಮಾಡಿಕೊಂಡರು. ಈಗ ಅವರೇ "ಅವನಿಗೆ ಬೋಟಿ ಹಾಕ್ರಪ್ಪ, ಬಿರಿಯಾನಿ ಬೇಡ" ಅನ್ನುತ್ತಾರೆ.

ಹಾಸನ ಹುಡುಗ 92

ಅಣ್ಣ, ಬೇಡ ಅಂದರೆ ಕೇಳಲ್ವಲ್ಲ ಜನ? ನಮ್ಮ ದೊಡ್ಡಮ್ಮ "ಸಾಕು" ಅಂದರೆ ಸಂಕೋಚ ಅಂದುಕೊಂಡು ಎರಡು ಹಾಕುತ್ತಾರೆ.

ಎಲೆ ಹಾಕುವವನು

ಇದಕ್ಕೆ ನಾನು ಉತ್ತರ ಕೊಡಬಹುದು. ನಮ್ಮ ಅಪ್ಪ ಅಡುಗೆ ಕಂಟ್ರಾಕ್ಟು ಮಾಡುತ್ತಾರೆ. ಹದಿನೆಂಟು ವರ್ಷದಿಂದ ನಾನು ಬಡಿಸುತ್ತಿದ್ದೇನೆ.

ಬಡಿಸುವವರ ಕಣ್ಣು ಎಲೆ ಮೇಲೆ ಇರುತ್ತದೆ, ನಿಮ್ಮ ಮುಖದ ಮೇಲಲ್ಲ. ಎಲೆಯಲ್ಲಿ ಆ ಜಾಗ ಖಾಲಿ ಕಂಡರೆ ಕೈ ತಾನಾಗಿ ಹೋಗುತ್ತದೆ. ಬೇಗ ಬೇಗ ತಿಂದು ಜಾಗ ಖಾಲಿ ಮಾಡಿಕೊಂಡು ಆಮೇಲೆ "ಬೇಡ ಬೇಡ" ಅಂದರೆ ಅಷ್ಟರಲ್ಲಿ ಬಿದ್ದಿರುತ್ತದೆ. ಕೊನೆಯ ಒಂದು ತುಂಡನ್ನು ಎಲೆಯಲ್ಲಿ ಇಟ್ಟುಕೊಂಡಿರಿ. ನಾವು ಮುಂದೆ ಹೋಗುತ್ತೇವೆ. ನಾವು ಹೋದ ಮೇಲೆ ಅದನ್ನು ತಿನ್ನಿ.

"ಅರ್ಧ ಹಾಕಿ" ಅನ್ನಿ. ಇದು "ಬೇಡ" ಅನ್ನುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. "ಬೇಡ" ಅಂದರೆ ಉಪಚಾರ ಮಾಡುವ ಮನೆಯವರು ಪಕ್ಕದಲ್ಲಿ ನಿಂತು "ಹಾಕಪ್ಪ ಹಾಕು" ಅನ್ನುತ್ತಾರೆ. "ಅರ್ಧ ಹಾಕಿ, ಚೆನ್ನಾಗಿದೆ" ಅಂದರೆ ಅವರಿಗೂ ಸಂತೋಷ, ನಮಗೂ ಸಂತೋಷ. ಹೋಳಿಗೆಯನ್ನು ಅಲ್ಲೇ ಕೈಯಲ್ಲಿ ಹರಿದು ಕೊಡುತ್ತೇವೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಮಗೆ ನೋವಾಗುವುದು ಬೇರೆ ವಿಷಯಕ್ಕೆ. ಪಂಕ್ತಿ ಎದ್ದ ಮೇಲೆ ಎಲೆ ಎತ್ತುವಾಗ ಒಳಗೆ ಮುಟ್ಟದ ಹೋಳಿಗೆ ಇರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಬೇಳೆ ಬೇಯಿಸಿ, ಬೆಲ್ಲ ಹಾಕಿ ಕಾಯಿಸಿ, ರುಬ್ಬಿ, ಕಣಕದಲ್ಲಿ ತುಂಬಿ, ಕಾವಲಿ ಮುಂದೆ ಬೆವರು ಸುರಿಸಿ ತಟ್ಟಿದ್ದು ಅದು. ಅಪ್ಪ ಒಂದೊಂದು ಸಲ ಆ ಬುಟ್ಟಿ ನೋಡುವುದೇ ಇಲ್ಲ. ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಹತ್ತು ವರ್ಷಕ್ಕೂ ಹಿಂದೆಯೇ ಲೆಕ್ಕ ಹಾಕಿದ್ದರು. ಸಂಖ್ಯೆ ದೊಡ್ಡದು, ಆದರೆ ನಮಗೆ ಅದು ಬುಟ್ಟಿಯಲ್ಲಿ ಕಾಣುತ್ತದೆ.

ತುಮಕೂರಿನವ

ಇದನ್ನು ಓದಿ ಮನಸ್ಸಿಗೆ ಒಂಥರಾ ಆಯಿತು ಅಣ್ಣ. ನಾನು ಮೂರನೇದು, ನಾಲ್ಕನೇದು ತಿಂದದ್ದು ಇದೇ ಕಾರಣಕ್ಕೆ ಇರಬೇಕು. "ಎಲೆಯಲ್ಲಿ ಅನ್ನ ಬಿಟ್ಟರೆ ಪಾಪ" ಅಂತ ಬೆಳೆಸಿದ್ದಾರೆ. ಬಿದ್ದದ್ದನ್ನು ಬಿಡಲಾರೆ. ಹಾಗಾದರೆ ಬೀಳುವ ಮೊದಲೇ ತಡೆಯಬೇಕು.

ಎಲೆ ಹಾಕುವವನು

ಅಷ್ಟೇ ಸರ್. ಬೀಳುವ ಮೊದಲು ತಡೆದರೆ ಆ ಹೋಳಿಗೆ ಡಬರಿಯಲ್ಲಿ ಉಳಿಯುತ್ತದೆ. ಸಂಜೆ ಯಾರಾದರೂ ತಿನ್ನುತ್ತಾರೆ.

ಕೋಲಾರ ಮೇಷ್ಟ್ರು

ಸಕ್ಕರೆ ಕಾಯಿಲೆ ಇರುವವರಿಗೆ ಎರಡು ಮಾತು. ನನಗೆ ಹದಿಮೂರು ವರ್ಷದಿಂದ ಇದೆ. 2023ರಲ್ಲಿ ಹೊರಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಇದೆ. ಅಂದರೆ ಪ್ರತಿ ಪಂಕ್ತಿಯಲ್ಲೂ ನಮ್ಮಂಥವರು ಕೂತಿರುತ್ತೇವೆ.

ಹಾಸನದ ತಮ್ಮ ಹೇಳಿದ ಹಾಗೆ ತಿಂಡಿ ಬಿಡುವುದು ನಮಗೆ ಅಪಾಯ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಹೊಟ್ಟೆ ಖಾಲಿ ಇಟ್ಟರೆ ಸಕ್ಕರೆ ತೀರಾ ಇಳಿಯುತ್ತದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಧಾರೆ ಮುಗಿಯುವ ಮೊದಲೇ ಬೆವತು ಕುಸಿದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ನನ್ನ ಕ್ರಮ: ಕೋಸಂಬರಿ, ಪಲ್ಯ ಮೊದಲು ಮುಗಿಸುತ್ತೇನೆ. ತರಕಾರಿ, ಬೇಳೆ ಮೊದಲು ಹೋದರೆ ಸಕ್ಕರೆ ಏರುವುದು ನಿಧಾನ. ಆಮೇಲೆ ಅರ್ಧ ಹೋಳಿಗೆ. ಅವತ್ತು ಅನ್ನ ಬಹಳ ಕಡಿಮೆ. ಊಟವಾದ ಮೇಲೆ ಮಂಟಪದ ಸುತ್ತ ಕಾಲು ಗಂಟೆ ನಡೆಯುತ್ತೇನೆ. ಯಾರಾದರೂ ಹಳೆಯ ಶಿಷ್ಯರು ಸಿಕ್ಕರೆ ಅರ್ಧ ಗಂಟೆ. ಆ ಅರ್ಧ ಹೋಳಿಗೆಯನ್ನು ಎಂಟು ತುಂಡು ಮಾಡಿ ತಿನ್ನುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಸಿಗುವ ಸಂತೋಷ ಅದು. ಅವಸರ ಯಾಕೆ?

ಮೌನವಾಗಿ ಓದುವವಳು

ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಕಷ್ಟದ ವಿಷಯ.

ಎಲ್ಲರೂ ಇಲ್ಲಿ ಪ್ರೀತಿಯಿಂದ ಮಾತಾಡುತ್ತಿದ್ದೀರಿ, ಅದಕ್ಕೇ ಧೈರ್ಯ ಬಂತು. ನಾನು ಜನರ ಮುಂದೆ ಸಿಹಿ ಮುಟ್ಟುತ್ತಿರಲಿಲ್ಲ. "ಎಷ್ಟು ಕಂಟ್ರೋಲು ನೋಡಿ" ಅಂತ ಹೊಗಳುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟು ಹಾಕದೆ, ಫ್ರಿಜ್ಜಿನ ಬೆಳಕಿನಲ್ಲಿ ನಿಂತು ಡಬ್ಬಿ ಖಾಲಿ ಮಾಡುತ್ತಿದ್ದೆ. ರುಚಿ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅಳು. ಹೀಗೆ ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ. ಇದು ಆಸೆಬುರುಕತನ ಅಂದುಕೊಂಡಿದ್ದೆ. ಇದಕ್ಕೆ ಚಿಕಿತ್ಸೆ ಇದೆ ಅಂತ ಗೊತ್ತಾದದ್ದು ಒಬ್ಬ ಮನೋವೈದ್ಯರ ಹತ್ತಿರ ಹೋದ ಮೇಲೆ. ಯಾರಿಗಾದರೂ ಹೀಗೆ ಆಗುತ್ತಿದ್ದರೆ ದಯವಿಟ್ಟು ಒಬ್ಬರೇ ಒದ್ದಾಡಬೇಡಿ.

ಅವರು ಹೇಳಿಕೊಟ್ಟ ಮೊದಲ ಕೆಲಸ: ಸಿಹಿಯನ್ನು ಹಗಲಿನಲ್ಲಿ, ಕೂತು, ತಟ್ಟೆಯಲ್ಲಿಟ್ಟುಕೊಂಡು ತಿನ್ನುವುದು. ನಾನು ಮೈಸೂರು ಪಾಕ್ ತಂದೆ. ಹಳೆಯ ಥರದ ಗಟ್ಟಿ ಪಾಕು, ಬಿಸಿ ತುಪ್ಪ ಹೊಯ್ದಾಗ ನೊರೆ ಎದ್ದು ಆಗುವ ಸಣ್ಣ ಸಣ್ಣ ತೂತಿನದ್ದು. ಅಂಚು ಹಳದಿ, ನಡುವೆ ಕಂದು ಬಣ್ಣ. ಅಷ್ಟು ವರ್ಷ ತಿಂದಿದ್ದೆ, ನಡುವಿನ ಬಣ್ಣ ಬೇರೆ ಅಂತ ಗಮನಿಸಿಯೇ ಇರಲಿಲ್ಲ. ಮೂಲೆ ಕಚ್ಚಿದೆ. ಮೊದಲು ಕರಕರ, ಆಮೇಲೆ ತುಪ್ಪ ಕರಗಿ ಬಾಯಿ ತುಂಬ ಹುರಿದ ಕಡಲೆಹಿಟ್ಟಿನ ಘಮ. ಒಂದು ತುಂಡು ಮುಗಿಸಲು ಎಂಟು ನಿಮಿಷ ಬೇಕಾಯಿತು. ಎರಡನೆಯದು ತಟ್ಟೆಯಲ್ಲೇ ಇತ್ತು. ಬೇಕು ಅನ್ನಿಸಲಿಲ್ಲ. ಡಬ್ಬಿಗೆ ವಾಪಸು ಹಾಕಿದೆ. ಆ ಕ್ಷಣ ನನಗೆ ಎಷ್ಟು ದೊಡ್ಡದು ಅಂತ ಹೇಳಲು ಬರುವುದಿಲ್ಲ.

ಮೈಸೂರು ಅಗ್ರಹಾರ

ಮಗಳೇ, ಬರೆದದ್ದು ಒಳ್ಳೆಯದಾಯಿತು. ಇಲ್ಲಿಗೆ ಬರುತ್ತಿರು. ಅರಮನೆಯಲ್ಲಿ ನಾಲ್ವಡಿಯವರ ಕಾಲದಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿ ಅದು. ಕದ್ದು ತಿನ್ನುವಂಥದ್ದಲ್ಲ, ಕೂತು ಮರ್ಯಾದೆಯಿಂದ ತಿನ್ನುವಂಥದ್ದು.

ಡಬ್ಲಿನ್ ಕನ್ನಡತಿ

ಇಲ್ಲಿ ಯುಗಾದಿಗೆ ಕನ್ನಡ ಕೂಟದ ಊಟ ಬಫೆ. ಬಡಿಸುವವರಿಲ್ಲ, ತಡೆಯುವವರೂ ಇಲ್ಲ. ಊರು ಬಿಟ್ಟು ಬಂದ ಹಂಬಲ ಬೇರೆ. ಮೊದಲ ಎರಡು ವರ್ಷ ತಟ್ಟೆ ತುಂಬಿ ಹರಿಯುತ್ತಿತ್ತು.

ಈಗ ತಟ್ಟೆ ಹಿಡಿಯದೆ ಒಮ್ಮೆ ಪೂರ್ತಿ ಮೇಜು ಸುತ್ತಿ ಬರುತ್ತೇನೆ. ಆಮೇಲೆ ಚಿಕ್ಕ ತಟ್ಟೆ. ಹೋಳಿಗೆ ಉಳಿದರೆ ಎರಡು ಮನೆಗೆ ಕಟ್ಟಿಸಿಕೊಂಡು, ನಡುವೆ ಹಾಳೆ ಇಟ್ಟು ಫ್ರೀಜರಿಗೆ ಹಾಕುತ್ತೇನೆ. ಮಳೆ ಬರುವ ಯಾವುದೋ ಭಾನುವಾರ ತವಾ ಮೇಲೆ ಬಿಸಿ ಮಾಡಿ, ತುಪ್ಪ ಹಚ್ಚಿ, ಗಂಡ ಹೆಂಡತಿ ಒಂದೊಂದು. ಮತ್ತೆ ಸಿಗುತ್ತದೆ ಅಂತ ಗೊತ್ತಿದ್ದರೆ ಇವತ್ತೇ ಎಲ್ಲ ತಿನ್ನುವ ಆತುರ ಇರುವುದಿಲ್ಲ. ಧಾರವಾಡದ ಅಜ್ಜಿ ಹೇಳಿದ್ದು ಇದೇ ಅಲ್ವಾ?

ಶಿರಸಿ ಅಡಕೆತೋಟ

ಒಂದು ಸಣ್ಣ ಭಿನ್ನಾಭಿಪ್ರಾಯ. ಪ್ರತಿ ತುತ್ತನ್ನೂ ಗಮನಿಸಿ ತಿನ್ನಿ ಅನ್ನುವುದು ಮನೆಯಲ್ಲಿ ಸರಿ. ಮದುವೆಯಲ್ಲಿ ಮಾತು, ನಗೆಯೂ ಊಟದ ಭಾಗ. ವರ್ಷಕ್ಕೊಮ್ಮೆ ಸಿಗುವ ಭಾವನ ಜೊತೆ ಮಾತಾಡದೆ ಹೋಳಿಗೆಯನ್ನೇ ನೋಡುತ್ತಾ ಕೂರುವುದು ನನಗೆ ಆಗುವುದಿಲ್ಲ.

ಧಾರವಾಡದ ಮೊಮ್ಮಗಳು

ಮಾತಾಡಿ ಅಣ್ಣ, ಖಂಡಿತ ಮಾತಾಡಿ. ಹೊಸದು ಎಲೆಗೆ ಬಿದ್ದಾಗ ಮೊದಲ ಎರಡು ತುತ್ತಿಗೆ ಮಾತ್ರ ಸುಮ್ನೆ ಇರಿ. ಆಮೇಲೆ ಬಾಯಲ್ಲಿ ತುತ್ತಿಲ್ಲದಾಗ ಮಾತು. ಮಾತಾಡುವಾಗ ಕೈ ಎಲೆ ಮೇಲೆ ಓಡಾಡಬಾರದು. ಆಗ ಊಟ ತಾನಾಗಿ ನಿಧಾನವಾಗುತ್ತದೆ.

ಶಿರಸಿ ಅಡಕೆತೋಟ

ಇದು ಒಪ್ಪಿಗೆ.

ತುಮಕೂರಿನವ

ಮದುವೆ ಮುಗಿಯಿತು. ಹೇಳಬೇಕು ಅನ್ನಿಸಿ ಬಂದೆ.

ಬೆಳಗ್ಗೆ ಎರಡು ಇಡ್ಲಿ ತಿಂದೆ. ಓಡಾಟ ಇದ್ದದ್ದರಿಂದ ಕೊನೆಯ ಪಂಕ್ತಿಗೇ ಕೂತದ್ದು. ಹಿಂದೆ ಯಾರೂ ನಿಂತಿರಲಿಲ್ಲ, ಅದೊಂದೇ ಎಷ್ಟು ಆರಾಮ! ಮೊದಲ ಅನ್ನವನ್ನು ಮೂರು ಪಾಲು ಮಾಡಿದೆ. ಹೋಳಿಗೆ ಬಂದಾಗ "ಅರ್ಧ ಹಾಕಿ" ಅಂದೆ. ಬಡಿಸುವ ಹುಡುಗ ಹರಿದು ಹಾಕಿದ, ಅಂಚಿನಿಂದ ಹೂರಣದ ಹಬೆ ಬಂತು. ಈ ಸಲವೂ ಪಕ್ಕದಲ್ಲಿ ಅದೇ ಭಾವ. ಎರಡು ತುತ್ತು ಆಗುವವರೆಗೆ ಇರಿ ಅಂತ ಕೈ ಸನ್ನೆ ಮಾಡಿದೆ. ಅವರೂ ಸುಮ್ಮನೆ ತಿಂದರು. ಆಮೇಲೆ "ಹೂರಣಕ್ಕೆ ಜಾಯಿಕಾಯಿ ಹಾಕಿದ್ದಾರೆ ಕಣಯ್ಯ" ಅಂದರು. ನನಗೂ ಆಗಲೇ ಗೊತ್ತಾಯಿತು. ಮತ್ತೆ ಅರ್ಧ, ಇನ್ನೂ ಒಂದು ಅರ್ಧ ಕೇಳಿ ಹಾಕಿಸಿಕೊಂಡೆ. ಅಲ್ಲಿಗೆ ರುಚಿ ಇಳಿಯಿತು. ಮಜ್ಜಿಗೆ ಕುಡಿದು ಎದ್ದೆ.

ಎಲ್ಲವೂ ಸರಿಹೋಯಿತು ಅನ್ನುವುದಿಲ್ಲ. ಮರುದಿನ ಬೀಗರ ಮನೆಯಲ್ಲಿ ಜಹಂಗೀರ್ ಎಲೆಗೆ ಬಿದ್ದೇ ಬಿತ್ತು. ಬೇಡವಾಗಿತ್ತು. ಬಿಡಲು ಮನಸ್ಸಾಗದೆ ತಿಂದೆ, ಸಂಜೆವರೆಗೂ ಭಾರ. ಆದರೆ ಮೂರು ರಾತ್ರಿಯೂ ನಿದ್ದೆ ಬಂತು.

ಅಪ್ಪನಿಗೆ ಮೇಷ್ಟ್ರು ಹೇಳಿದ ಹಾಗೆ ಅರ್ಧ ಹೋಳಿಗೆ ಎಂಟು ತುಂಡು ಮಾಡಿ ಕೊಟ್ಟೆ. ಆಮೇಲೆ ಇಬ್ಬರೂ ಮಂಟಪದ ಸುತ್ತ ನಡೆದೆವು. ಅಪ್ಪ ತಮ್ಮ ಮದುವೆಯ ಊಟದ ಕಥೆ ಹೇಳಿದರು, ನಾನು ಮೊದಲ ಸಲ ಕೇಳಿದ್ದು.

ಮನೆಗೆ ಬಂದ ಮೇಲೆ ಅಮ್ಮ ಫೋನು ಮಾಡಿದ್ದರು. ಅಕ್ಕನ ಮನೆಯಿಂದ ಒಂದು ಡಬ್ಬಿ ಹೂರಣ ಕಳಿಸಿದ್ದಾರಂತೆ, ಭಾನುವಾರ ಬರ್ತೀಯಾ, ಕಣಕ ಕಲಸಲಾ ಅಂತ ಕೇಳಿದರು. ಬರ್ತೀನಿ, ನನಗೆ ಒಂದು ಸಾಕು, ಬಿಸಿ ಇರಲಿ ಅಂದೆ.